ಅತ್ತೆಯ ಮೂಗು, ಮಾದಪ್ಪನ ಆಣೆ

ನಮ್ಮತ್ತೆ ಪುಟ್ಟಗೌರಮ್ಮನ ಮೂಗಿಗೆ ಇಡೀ ಹೊನ್ನೂರೇ ಹೆದರುತ್ತಿತ್ತು. ರೇಷ್ಮೆಹುಳು ಸಾಕುವ ಮನೆ ನಮ್ಮದು. ಬೀಡಿ, ಬೆಳ್ಳುಳ್ಳಿ, ಹೆಂಡ, ಯಾವ ಘಾಟೂ ಹುಳುವಿಗೆ ಆಗದು. ಅದಕ್ಕೇ ಅತ್ತೆ ಹುಳುಮನೆಯ ಬಾಗಿಲಲ್ಲಿ ನಿಂತು, ಸೊಪ್ಪು ಹಾಕಲು ಬರುವವರನ್ನೆಲ್ಲ ತಡೆದು "ಆ ಅನ್ನು" ಎನ್ನುತ್ತಿದ್ದರು. ಬಾಯಿ ತೆರೆದು ಉಸಿರು ಬಿಡಬೇಕು. ಮೂಸಿ ನೋಡಿ, ಒಪ್ಪಿಗೆಯಾದರೆ ದಾರಿ ಬಿಡುವರು. ನಾನು ಮದುವೆಯಾಗಿ ಬಂದ ಮೂರನೇ ದಿನವೇ ನನ್ನ ಬಾಯನ್ನೂ ಮೂಸಿ, ತೌರಿನಿಂದ ತಂದ ಬೆಳ್ಳುಳ್ಳಿ ಉಪ್ಪಿನಕಾಯಿ ಕದ್ದು ತಿಂದಿದ್ದೀಯೆ ಎಂದರು. ತಿಂದಿದ್ದೆ. ಅವತ್ತಿನಿಂದ ಆ ಮೂಗಿನ ಮೇಲೆ ನನಗೆ ಕೋಪವೂ ಇತ್ತು, ನಂಬಿಕೆಯೂ ಇತ್ತು.

ಅರವತ್ತೆಂಟನೇ ಇಸವಿಯ ಕಾರ್ತೀಕ. ಕೆರೆಯಾಚೆ ಹೆಂಡದಂಗಡಿ ಹೊಸದಾಗಿ ತೆರೆದಿತ್ತು. ಒಂದು ಬೆಳಿಗ್ಗೆ ನಮ್ಮ ಯಜಮಾನರು ಸೊಪ್ಪಿನ ಕುಕ್ಕೆ ಹೊತ್ತು ಬಂದರು. ಗಂಡನ ಹೆಸರು ಹೇಳಬಾರದು, ಆದರೂ ನಿಮಗೆ ತಿಳಿಯಲೆಂದು ಹೇಳುತ್ತೇನೆ: ಹೊನ್ನಯ್ಯ. ಇಪ್ಪತ್ತಾರರ ಪ್ರಾಯ. ಬಾಗಿಲಲ್ಲಿ "ಆ" ಅಂದರು. ಅತ್ತೆಯ ಮುಖ ಬಾಡಿತು.

"ಎಲ್ಲಿ ಕುಡ್ಕಬಂದೆಲಾ?"

ಕುಡಿದಿಲ್ಲ ಎಂದರು ಇವರು. ಈಚಲ ಹೆಂಡದ ನಾತ ಬರುತ್ತಿದೆ ಎಂದರು ಅವರು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಮಗನಿಗೆ ಹುಳುಮನೆಯ ಬಾಗಿಲು ಮುಚ್ಚಿತು, ಹಾಸಿಗೆ ಜಗಲಿಗೆ ಬಂತು. ನಾಲ್ಕನೇ ದಿನ ಇವರು ದೇವರ ದೀಪದ ಮೇಲೆ ಕೈಯಿಟ್ಟು, "ಮಾದಪ್ಪನಾಣೆ, ಒಂದು ತೊಟ್ಟೂ ಕುಡ್ದಿಲ್ಲ" ಎಂದುಬಿಟ್ಟರು.

ನಮ್ಮ ಕಡೆ ಬೆಟ್ಟದ ದೇವರು ಮಾದಪ್ಪನ ಹೆಸರಲ್ಲಿ ಸುಳ್ಳಾಣೆ ಇಡುವವರಿಲ್ಲ. ಅತ್ತೆಯ ಮೂಗು ಸುಳ್ಳು ಹೇಳಿದ್ದೂ ಇಲ್ಲ. ಎರಡೂ ನಿಜವಾಗುವುದು ಹೇಗೆ? ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಮಧ್ಯಾಹ್ನ ಇವರು ಜಗಲಿಯಲ್ಲಿ ಒರಗಿ ಕಣ್ಣು ಮುಚ್ಚಿದಾಗ ಬಗ್ಗಿ ಮೂಸಿದೆ. ಕಳಿತು ಕೊಳೆಯಲು ಬಂದ ಬಾಳೆಹಣ್ಣಿನ ವಾಸನೆ. ಹೆಂಡವೇ ಇರಬೇಕು ಅನ್ನಿಸಿತು. ಹೆಂಡ ಕುಡಿದವರ ಕಣ್ಣು ಹೀಗೆ ಗುಳಿ ಬೀಳುವುದಿಲ್ಲವಲ್ಲ ಎಂದೂ ಅನ್ನಿಸಿತು.

ಇವರು ಗಡಿಗೆಗಟ್ಟಲೆ ನೀರು ಕುಡಿಯುತ್ತಿದ್ದರು, ಗಳಿಗೆಗೊಮ್ಮೆ ಬೇಲಿಯ ಹಿಂದೆ ಹೋಗುತ್ತಿದ್ದರು. ಅಲ್ಲೇ ಬಾಟ್ಲಿ ಬಚ್ಚಿಟ್ಟಿದ್ದಾರೆ ಎಂದುಕೊಂಡು ಹೋಗಿ ಹುಡುಕಿದೆ. ಬಾಟ್ಲಿ ಇರಲಿಲ್ಲ. ಇವರು ಮೂತ್ರ ಮಾಡಿದ ಜಾಗದಲ್ಲಿ ಇರುವೆ ಸಾಲುಗಟ್ಟಿದ್ದವು. ಅದೂ ಅರ್ಥವಾಗಲಿಲ್ಲ. ಅಂಗಿ ದಿನದಿನಕ್ಕೆ ದೊಗಲೆಯಾಗುತ್ತಿತ್ತು. ಅವಮಾನಕ್ಕೆ ಸೊರಗಿದ್ದಾರೆ ಎಂದುಕೊಂಡೆ. ಎಂಥ ಮಂಕುದಿಣ್ಣೆ ನಾನು!

ಹದಿನೈದನೇ ದಿನ ವಾಂತಿ ಶುರುವಾಯಿತು. ಕೂತಲ್ಲೇ ಕೂತಿದ್ದರೂ ಓಡಿಬಂದವರ ಹಾಗೆ ಏದುಸಿರು. ಅತ್ತೆಗೆ ಎಲ್ಲ ತಿಳಿದುಹೋಯಿತು. ಸುಳ್ಳಾಣೆ ಇಟ್ಟವನನ್ನು ಮಾದಪ್ಪ ಬಿಡುತ್ತಾನೆಯೇ ಎಂದು ಅಳುತ್ತಲೇ ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿದರು. ಮಗನನ್ನು ಬೆಟ್ಟಕ್ಕೆ ಕರೆದೊಯ್ದು, ದೇವರ ಮುಂದೆ ತಪ್ಪೊಪ್ಪಿಸಿ ತಂದರೆ ಉಳಿಯುತ್ತಾನೆ ಎಂದರು. ಮೂವರೂ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸಿಗೆ ಕಾದೆವು.

ಬಸ್ಸು ಬಂತು. ಇವರು ನೆಲದಿಂದ ಏಳಲಿಲ್ಲ.

"ತಪ್ಪುಕಾಣಿಕೆ ಆಕುದ್ರೆ ತಪ್ಪು ಒಪ್ಕಂಡಂಗೆ ಕಣವ್ವ. ನಾ ಕುಡ್ದಿಲ್ಲ. ಸತ್ರೂ ಬರಕಿಲ್ಲ."

ಅತ್ತೆ ರಟ್ಟೆ ಹಿಡಿದು ಎಳೆದರು. ಇವರು ಪಕ್ಕಕ್ಕೆ ಒರಗಿದವರು ಹಾಗೇ ಕುಸಿದರು. ಆರು ವರ್ಷ ಅತ್ತೆಗೆ ಎದುರಾಡದ ನಾನು ಅವರ ಕೈ ಬಿಡಿಸಿ, "ಆಸ್ಪತ್ರೆಗೆ ಓಗವ ನಡೀರಿ" ಎಂದೆ. ಬುದ್ಧಿ ಓಡಿ ಹೇಳಿದ್ದಲ್ಲ. ಯಾರನ್ನು ನಂಬಬೇಕೋ ತಿಳಿಯದೆ ಬಾಯಿಗೆ ಬಂದದ್ದು. ಜಟಕಾ ಹಿಡಿದು ಹೋದೆವು.

ಡಾಕ್ಟರು ಮೊದಲು ಮಾಡಿದ್ದೇನು ಗೊತ್ತೇ? ಥೇಟ್ ನಮ್ಮತ್ತೆಯ ಹಾಗೆ ಬಗ್ಗಿ ಇವರ ಉಸಿರು ಮೂಸಿದರು. ಕುಡಿದಿದ್ದಾನೆ ಸಾ ಎಂದು ಅತ್ತೆ ಮೆಲ್ಲಗೆ ಅಂದರು. ಇದು ಹೆಂಡವಲ್ಲ ಎಂದರು ಡಾಕ್ಟರು. ಇವರ ಮೂತ್ರವನ್ನು ನೀಲಿ ಔಷಧಿಯ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸಿದಾಗ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆಯಂತೆ. ತಿಂದ ಅನ್ನ ಮೈಗೆ ಹತ್ತದೆ, ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತಿದೆ, ಅದರ ವಾಸನೆ ಉಸಿರಲ್ಲಿ ಬರುತ್ತದೆ ಎಂದರು. ಇನ್ನೊಂದು ದಿನ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲವಂತೆ. ಸೂಜಿ ಚುಚ್ಚುತ್ತಾ, ಈ ವಾಸನೆ ಎಷ್ಟು ದಿನದಿಂದ ಇದೆ ಎಂದು ಕೇಳಿದರು.

"ಅದ್ನೈದು ದಿಸದಿಂದ ಸಾ," ಎಂದರು ಅತ್ತೆ. "ಮೊದ್ಲು ಗೊತ್ತಾದದ್ದೇ ನಂಗೆ."

ಆಮೇಲೆ ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಅವರ ಮೇಲೆ ನನಗೆ ಉರಿಯುವಷ್ಟು ಸಿಟ್ಟಿತ್ತು. ಆದರೆ ನಾನೂ ಮೂಸಿದ್ದೆನಲ್ಲ, ನಾನೂ ಬಾಟ್ಲಿ ಹುಡುಕಿದ್ದೆನಲ್ಲ. ಯಾರ ಮೇಲೆ ಕಾರಲಿ?

ಹನ್ನೆರಡು ದಿನಕ್ಕೆ ಮನೆಗೆ ಬಂದೆವು. ಸೂಜಿ ಕುದಿಸಿ ಚುಚ್ಚುವುದನ್ನು ನಾನು ಕಲಿತೆ. ಮಾರನೇ ಬೆಳಿಗ್ಗೆ ಇವರು ಸೊಪ್ಪಿನ ಕುಕ್ಕೆ ಹೊತ್ತು ಬಂದು, ಬಾಗಿಲಿಗೆ ದೂರವೇ ನಿಂತುಬಿಟ್ಟರು. ಅತ್ತೆ ಹತ್ತಿರ ಕರೆದು "ಆ ಅನ್ನು" ಎಂದರು. ಮೂಸಿದರು. ಮತ್ತೆ ಮೂಸಿದರು. ಕೊನೆಗೆ ನನ್ನನ್ನು ಕೂಗಿದರು.

"ನೀನೊಂದ್ಸಲ ನೋಡವ್ವ. ನನ್ ಮೂಗ ನಂಬಕಾಯ್ತಿಲ್ಲ ನಂಗೆ."

ಅತ್ತೆಯ ಎದುರಿಗೇ ಗಂಡನ ಬಾಯಿಗೆ ಮುಖ ಒಡ್ಡಲು ನಾಚಿಕೆಯಾಯಿತು. ಆದರೂ ಮೂಸಿದೆ. ಬೆಳಗಿನ ಹುರುಳಿಸಾರಿನ ವಾಸನೆ, ಅಷ್ಟೇ. ಏನೂ ಇಲ್ಲ ಅತ್ತೆ ಎಂದೆ.

ಅವರು ಸೊಂಟದ ಎಲೆಯಡಿಕೆ ಚೀಲ ಬಿಚ್ಚಿದರು. ಅರಿಶಿನದ ಬಟ್ಟೆಯ ಗಂಟು ಇನ್ನೂ ಅದರಲ್ಲೇ ಇತ್ತು.

"ಇದ ನಾನೇ ತಕಂಡೋಯ್ತೀನಿ ಬೆಟ್ಟಕ್ಕೆ," ಎಂದರು. "ತಪ್ಪು ನಂದು ಕಣ್ಲಾ."

ಇವರು ಕುಕ್ಕೆ ಹೊತ್ತು ಒಳಗೆ ಹೋದರು. ಅತ್ತೆ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು.