ತುಲ್ಲಿಯೊನ ಕೋವಿಯ ಎಳೆತ

ಗಾರ್ದೋನೆ ಊರಲ್ಲಿ ಕೋವಿ ಮಾಡದ ಮನೆ ಹುಡುಕುವುದೂ ಒಂದೇ, ಕೋಳಿಯ ಬಾಯಲ್ಲಿ ಹಲ್ಲು ಹುಡುಕುವುದೂ ಒಂದೇ. ಅಂಥ ಊರಲ್ಲೂ ತೂಕ ಅಳೆಯುವುದರಲ್ಲಿ ಕೋವಿಗಾರ ಬೊರ್ತೊಲೊನ ಅಂಗೈಗೆ ಸಾಟಿಯಿರಲಿಲ್ಲ. ನಳಿಗೆಯ ತುದಿಯಲ್ಲಿ ನೊಣ ಕೂತರೆ, ಅದು ಗಂಡೋ ಹೆಣ್ಣೋ, ಜೋಳದ ಹಿಟ್ಟಿನ ಪೊಲೆಂಟಾ ತಿಂದು ಬಂದಿದೆಯೋ ಹಸಿದಿದೆಯೋ ಎಂದು ಕಣ್ಣುಮುಚ್ಚಿಯೇ ಹೇಳುತ್ತಿದ್ದ. ಅದೇ ಊರಿನ ಓರ್ಸೊಲಾಳ ಎದುರು ಮಾತ್ರ ಮೂವತ್ತು ವರ್ಷದಿಂದ ಮನಸ್ಸಿನ ಒಂದೇ ಒಂದು ಮಾತು ಆಡಲಾಗಿರಲಿಲ್ಲ. ಆ ಮಾತಿನ ಭಾರಕ್ಕೆ ಅವನ ಅಂಗಡಿಯ ನೆಲವೇ ನಾಲ್ಕು ಬೆರಳು ಕುಸಿದಿತ್ತು.

ಒಂದು ದಿನ ಅವಳು, ತೀರಿಹೋದ ತನ್ನ ಗಂಡ ತುಲ್ಲಿಯೊ ಮಾಡಿದ ಹನ್ನೆರಡು ಬೋರಿನ ಜೋಡುನಳಿಗೆಯ ಕೋವಿ ತಂದಳು.

"ಇದರ ಒದೆತಕ್ಕೆ ಹೆಗಲು ಪುಡಿಯಾಗತ್ತಂತೆ, ಡಾಕ್ಟರು ಬೈದ್ರು. ಇದಕ್ಕೇ ಕೂರೋ ಹಾಗೆ ಇಪ್ಪತ್ತು ಬೋರಿನ ನಳಿಗೆ ಮಾಡ್ಕೊಡು ಮಾರಾಯ. ಎತ್ತಿದ್ರೆ ಮಾತ್ರ ಅವರ ಕೋವೀನೇ ಅನ್ನಿಸ್ಬೇಕು."

ಬೋರಿನ ಅಂಕಿ ಏರಿದಷ್ಟೂ ನಳಿಗೆಯ ತೂತು ಸಣ್ಣದು; ಇಪ್ಪತ್ತರಲ್ಲಿ ಸುತ್ತ ಉಳಿಯುವ ಉಕ್ಕು ಹೆಚ್ಚು. ಹಾಗೇ ಬಿಟ್ಟರೆ ಮೂತಿ ವಿಪರೀತ ಭಾರ. ಬೊರ್ತೊಲೊ ಹೊರಮೈ ಅರದಿಂದ ಉಜ್ಜಿದ. ಉದುರಿದ ಪುಡಿಯಲ್ಲಿ ಇನ್ನೊಂದು ರೈಲುಹಳಿ ಹಾಸಬಹುದಿತ್ತು! ನಳಿಗೆ ಮಡಚುವ ಕೀಲಿನ ಬಳಿ ದಾರ ಕಟ್ಟಿ ತೂಗುಹಾಕಿದಾಗ ಕೋವಿ ಕೆರೆಯ ನೀರಿನಂತೆ ಸಮನಾಗಿ ನಿಂತಿತು. ತುಲ್ಲಿಯೊನ ನಳಿಗೆ ಹೀಗೆ ನಿಲ್ಲುತ್ತಿರಲಿಲ್ಲ, ಎರಡು ಬೆರಳು ಮುಂದಕ್ಕೆ ಬಾಗುತ್ತಿತ್ತು. ಅದು ಬೊರ್ತೊಲೊನಿಗೆ ಚೆನ್ನಾಗಿ ಗೊತ್ತಿತ್ತು. 'ಅವನ ತಪ್ಪನ್ನು ನಾನೇಕೆ ಮಾಡಲಿ? ಒಮ್ಮೆಯಾದರೂ ಅವಳ ಕೈಗೆ ನನ್ನ ಕೈ ತಿಳಿಯಲಿ' ಎಂದುಕೊಂಡ.

ಓರ್ಸೊಲಾ ಎತ್ತಿದಳು. ಕೋವಿ ಹಕ್ಕಿಯಂತೆ ಹೆಗಲೇರಿತು.

"ಚೆನ್ನಾಗಿದೆ," ಎಂದು ಕೆಳಗಿಟ್ಟಳು. "ಅತಿ ಚೆನ್ನಾಗಿದೆ."

"ಮತ್ತೆ ಮುಖ ಯಾಕೆ ಹುಳಿ ದ್ರಾಕ್ಷಿ ತಿಂದೋರ ಹಾಗಿದೆ?"

"ಎಳೀತಿಲ್ಲ ಕಣೋ ಇದು. ಅವರದು ಎತ್ತಿದ ಕೂಡ್ಲೇ 'ನಡಿ, ಹೋಗೋಣ' ಅಂತ ಮುಂದಕ್ಕೆ ಎಳೀತಿತ್ತು."

ಬೊರ್ತೊಲೊ ಕೋವಿಯನ್ನು ಮತ್ತೆ ದಾರಕ್ಕೆ ತೂಗುಹಾಕಿ ತೋರಿಸಿದ. "ಅದು ಕೋವಿಯ ದೋಷ, ಓರ್ಸೊಲಾ."

"ಇರ್ಲಿ. ಆ ದೋಷಾನೇ ನಂಗೆ ಬೇಕು."

ಜೀವಮಾನದ ಅತ್ಯುತ್ತಮ ಕೆಲಸವನ್ನು ಅವನು ತನ್ನ ಕೈಯಾರೆ ಕೆಡಿಸತೊಡಗಿದ. ನಳಿಗೆಯಡಿಯ ಮರವನ್ನು ಕೊರೆದು ಒಂದೊಂದೇ ಚೂರು ಸೀಸ ತುಂಬಿದ. ಪ್ರತಿ ಸಲವೂ ಅವಳು ಎತ್ತಿ, "ಇನ್ನೂ," ಎನ್ನುತ್ತಿದ್ದಳು.

ಏಳನೆಯ ಚೂರಿಗೆ ಅವಳು ಕಣ್ಣು ಮುಚ್ಚಿದಳು. ತುಟಿಯಂಚಿನ ನಗೆಯಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು.

"ಬಂದ್ರು," ಎಂದಳು ಮೆಲ್ಲಗೆ.

ತೂಕ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಬೊರ್ತೊಲೊನಿಗೆ ಗೊತ್ತಿತ್ತು. ಆದರೂ ಹುಬ್ಬು ಗಂಟಿಕ್ಕಿ, "ನಂಗ್ಯಾಕೋ ಅನುಮಾನ. ಇನ್ನೊಂದ್ಸಲ ಎತ್ತು," ಎಂದ.

ಸಂಜೆಯೊಳಗೆ ನೂರು ಸಲ ಎತ್ತಿಸಿದ.