ಬೆಳ್ಳಿಯ ಎರಡು ಕಡಿ

ಊರ ಗುಡಿಯ ಅಮ್ಮನವರಿಗೆ ಹೇಳದೆ ಉಪ್ಪುಂದದ ಮೀನುಗಾರ್ತಿ ಜಲಜ ಒಂದು ಬುಟ್ಟಿ ಬಂಗುಡೆಯನ್ನೂ ಮಾರಿದವಳಲ್ಲ. ಎದೆಯ ಆಪರೇಶನ್ ಮಾತ್ರ ಹೇಳದೆ ಮಾಡಿಸಿಕೊಂಡಿದ್ದಳು. ಮೂರು ಮಕ್ಕಳು ಕುಡಿದು ಬತ್ತಿಸಿದ ಎದೆ ಮತ್ತೆ ತುಂಬಿಕೊಂಡು ಕಾಣಬೇಕೆಂಬ ಆಸೆ. ಅದನ್ನು ದೇವರ ಕಿವಿಗೆ ಹಾಕಲು ನಾಚಿಕೆ.

ಡಾಕ್ಟರು ಎರಡೂ ಕಡೆ ಒಳಗೆ ಮೆತ್ತನೆಯ ಚೀಲ ಇಟ್ಟು ಹೊಲಿದಿದ್ದರು. ಹೊಲಿಗೆ ಒಣಗಿತು. ಬಲಗಡೆಯದು ತನ್ನ ಜಾಗಕ್ಕೆ ಇಳಿದು ಕೂತಿತು. ಎಡಗಡೆಯದು ಮಾತ್ರ ಸಿಟ್ಟುಗೊಂಡ ನೆಂಟನಂತೆ ಮೇಲೆಯೇ ನಿಂತಿತು. "ಒಂದು ಬೇಗ ಇಳಿಯುತ್ತದೆ, ಒಂದು ತಡ. ಕಾಯಿರಿ" ಎಂದರು ಡಾಕ್ಟರು. ಜಲಜಳಿಗೆ ಅದು ಅಮ್ಮನ ಮುನಿಸೇ. ಅಮ್ಮ ಕ್ಷಮಿಸದೆ ಅದು ಇಳಿಯುವುದಿಲ್ಲ.

ಕಣ್ಣುನೋವಿಗೆ ಬೆಳ್ಳಿಯ ಕಣ್ಣು, ಕಾಲುನೋವಿಗೆ ಬೆಳ್ಳಿಯ ಕಾಲು ಒಪ್ಪಿಸುವುದು ಆ ಗುಡಿಯ ಹರಕೆ. ಅವಳು ಕುಂದಾಪುರದ ಬೆಳ್ಳಿ ಕೆಲಸದ ಸೂರ ಆಚಾರಿಗೆ ತನ್ನವೆರಡನ್ನೂ ಬೆಳ್ಳಿಯಲ್ಲಿ ಮಾಡಿಕೊಡಲು ಹೇಳಿದಳು. ಅಳತೆ ಕೇಳಲು ಆಚಾರಿಗೆ ನಾಲಿಗೆ ಏಳಲಿಲ್ಲ. ಮನೆಗೆ ಹೋಗಿ ತೆಂಗಿನಕಾಯಿ ಒಡೆದು, ಎರಡು ಗೆರಟೆಗಳ ಮೇಲೆ ಬೆಳ್ಳಿ ತಗಡು ಬಡಿದ. ಒಂದು ದುಂಡಗೆ ಬಂತು, ಕಾಯಿಯ ಕಣ್ಣಿನ ಕಡೆಯದು ಚೂಪಗೆ.

"ಇದೆಂತ ಆಚಾರ್ರೆ, ಇದೂ ಸಮ ಇಲ್ಲೆ ಅಲ್ದಾ?"

"ಒಂದೇ ಕಾಯಿದ್ ಎರಡ್ ಕಡಿ ಮಾರಾಯ್ತಿ! ಇದ್ಕಿಂತ ಸಮ ನಾನ್ ಎಲ್ಲಿಂದ ತರುದ್?"

ಶುಕ್ರವಾರ ಗುಡಿ ತುಂಬ ಜನ. ಅರ್ಚಕ ವೈಕುಂಠ ಅಡಿಗರು ಹರಿವಾಣದಲ್ಲಿದ್ದುದನ್ನು ನೋಡಿ ಹಿಗ್ಗಿದರು. "ಬೆಳ್ಳಿ ಕಾಯಿ ತಂದಿದ್ಯಾ? ಲಾಯ್ಕ್ ಇತ್ತ್!" ಗಂಟೆ ಬಾರಿಸಿ, ಬೆಳ್ಳಿಯ ತೆಂಗಿನಕಾಯಿಯನ್ನು ಸ್ವೀಕರಿಸಬೇಕೆಂದು ಪ್ರಾರ್ಥನೆ ಶುರುಮಾಡಿಯೇಬಿಟ್ಟರು.

ಜಲಜ ಮುಂದೆ ನುಗ್ಗಿದಳು. ಮೊದಲು ಹೇಳದೆ ತಪ್ಪಾಯಿತು, ಈಗ ಸುಳ್ಳು ಹೇಳಿಸಿ ಇನ್ನೊಂದೇ?

"ಹ್ವಾಯ್ ಭಟ್ರೆ! ಅದ್ ಕಾಯಿ ಅಲ್ಲ, ನನ್ನ್ ಮೊಲಿ!"

ಗಂಟೆ ನಿಂತಿತು. ದಿನಾ ಸ್ತೋತ್ರದಲ್ಲಿ ಅಮ್ಮನವರ ಕುಚಗಳನ್ನು ರಾಗವಾಗಿ ಹೊಗಳುವ ಅಡಿಗರಿಗೆ ಈಗ ಒಂದು ಗುಟುಕು ನೀರು ಬೇಕಾಯಿತು. ಸುಧಾರಿಸಿಕೊಂಡು ಕೇಳಿದರು: "ಯಾವ್ದ್ ಎಡ, ಯಾವ್ದ್ ಬಲ?"

"ಚೂಪಿಂದ್ ಎಡ."

"ನಿನ್ ಎಡವಾ, ಅಮ್ಮಂದ್ ಎಡವಾ? ಅವ್ರ್ ನಮ್ ಬದಿಗ್ ಮುಖ ಮಾಡಿ ಕೂತಿದ್ರ್."

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕೈ ನೋಡಿಕೊಳ್ಳತೊಡಗಿದರು. ಹಿಂದಿನಿಂದ, ಜಲಜಳ ಗುಟ್ಟೆಲ್ಲ ಬಲ್ಲ ಮೀನು ಮಾರ್ಕೆಟ್ಟಿನ ಪ್ರಭಾವತಿ ಕೂಗಿದಳು: "ಸಮಾ ಕಂಡ್ ಇಡಿ ಭಟ್ರೆ! ತಪ್ಪಿ ಇಟ್ಟ್, ಇಳ್ದದ್ದೂ ಮೇಲ್ ಹತ್ತಿದ್ರೆ ಎಂತ ಮಾಡುದ್?"

ಅಡಿಗರು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಇಟ್ಟು ಇಟ್ಟು ಸೋತರು. ಕಡೆಗೆ ಸುಮ್ಮನೆ ಒಂದರ ಮೇಲೊಂದು ಕವುಚಿದರು. ಟಕ್ ಎಂದಿತು. ಅಂಚಿಗೆ ಅಂಚು ಕೂತು, ನೂಲು ಹೋಗುವಷ್ಟೂ ಸಂದಿಲ್ಲ. ಅಡಿಗರೇ ಒಂದು ಗಳಿಗೆ ಬೆರಗಾಗಿ ನೋಡಿದರು. ಆಮೇಲೆ ಅದನ್ನು ಅಮ್ಮನ ಪಾದದ ಬಳಿ ಇಟ್ಟು, ಹರಕೆಯನ್ನು ಅದರ ಸರಿಯಾದ ಹೆಸರಿನಲ್ಲೇ, ಊರಿಗೆಲ್ಲ ಕೇಳುವಂತೆ ಒಪ್ಪಿಸಿದರು.

ಜಲಜ ಕಣ್ಣು ಮುಚ್ಚಿ ಕೈಮುಗಿದಳು. ಅಮ್ಮನಿಂದ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಹೊರಗೆ ಬಂದಾಗ ಪ್ರಭಾವತಿ ಕಿವಿಯ ಹತ್ತಿರ ಬಂದಳು. "ಇಳೀತಾ?"

ಜಲಜ ಸೆರಗು ಸರಿಮಾಡಿಕೊಂಡಳು. "ಇಲ್ಲೆ ಮಾರಾಯ್ತಿ. ಅಮ್ಮನಿಗ್ ಇವತ್ ಗೊತ್ತಾದ್ದ್ ಅಲ್ದಾ? ಸ್ವಲ್ಪ ಪುರ್ಸೊತ್ತ್ ಕೊಡ್."