ಒರೆಗಲ್ಲಿಗೆ ಬಂದ ಮೀನು

ಕೀರ್ತನ ಕೆರೆ ಮೀನುಗಳ ಮೈಯಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟು ಸೇರಿದೆ ಎಂಬ ಸಂಶೋಧನೆಗೆ ಇಳಿದಾಗ, ಮೀನು ಮುಟ್ಟದ ಅಕ್ಕಸಾಲಿಗರ ಮನೆಯಲ್ಲಿ ಯಾರೂ ರಂಪ ಮಾಡಲಿಲ್ಲ. ಅಪ್ಪ ನಾಗರಾಜಾಚಾರ್ರು, "ಹೊಸ್ತಿಲು ಮಾತ್ರ ದಾಟಿಸ್ಬ್ಯಾಡ ಕಣವ್ವ" ಎಂದಷ್ಟೇ ಅಂದರು. ರಂಪ ಮಾಡಿದವನು ಊರ ಕೆರೆಯನ್ನು ಹರಾಜಿನಲ್ಲಿ ಹಿಡಿದಿದ್ದ ಸೋಮಯ್ಯ. "ಪರೀಕ್ಷೆ ಗಿರೀಕ್ಷೆ ಅಂದ್ರೆ ನನ್ ಮೀನ ಯಾರವ್ವಾ ತಕಂತಾರೆ?" ಎಂದು ಅವನು ಒಂದು ಜಿಲೇಬಿ ಮೀನಿನ ಮರಿಯನ್ನೂ ಕೊಟ್ಟಿರಲಿಲ್ಲ.

ಒಂದು ಸಂಜೆ ಬೂಕನಕೆರೆಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಮನೆಯ ಬೈರಮ್ಮ ಕೇಳಿದಳು: "ಅಲ್ಲ ಕೂಸೇ, ಮೀನೊಳಗೆ ಏನ ಉಡುಕ್ತಿದ್ದೀಯೆ?"

"ಲೋಹ ಅಜ್ಜಿ."

ಅಷ್ಟರಲ್ಲಿ ಬಸ್ಸು ಗುಂಡಿಗೆ ಇಳಿದು ಕುಲುಕಿತು. ಮುಂದಿನ ಮಾತೆಲ್ಲ ಹಾರನ್ನಿನಲ್ಲಿ ಮುಳುಗಿಹೋಯಿತು. ಅಕ್ಕಸಾಲಿಯ ಮಗಳು ಹುಡುಕುವ ಲೋಹ ಯಾವುದೆಂದು ಬೈರಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಸುದ್ದಿ ಹಬ್ಬಿ, ಬೆಳಗಾಗುವುದರೊಳಗೆ ಕೆರೆಯಲ್ಲಿ ಜನವೋ ಜನ. ಸೊಳ್ಳೆ ಪರದೆ, ಹಳೇ ಸೀರೆ, ಮಂಕರಿ, ಕೈಗೆ ಸಿಕ್ಕಿದ್ದೆಲ್ಲ ಬಲೆಯಾಯಿತು. ಗೋವಿಂದನಹಳ್ಳಿ ಕಡೆಯವರೂ ಬೈಕಿನಲ್ಲಿ ಬಂದಿಳಿದರು. ಏರಿಯ ಮೇಲೆ ನಿಂತು ಬಾಯಿ ಬಡಿದುಕೊಂಡ ಸೋಮಯ್ಯನೂ ಕೊನೆಗೆ, ಚಿನ್ನ ಕೈತಪ್ಪಿದರೆ ಎಂದು ಪಂಚೆ ಎತ್ತಿ ಕಟ್ಟಿ ನೀರಿಗಿಳಿದ.

ಅಲ್ಲಿಂದ ದಂಡು ನೇರ ಆಚಾರ್ರ ಅಂಗಡಿಗೆ ನುಗ್ಗಿತು.

"ಆಚಾರ್ರೆ, ಒಸಿ ಒರೆಗಾಕಿ ನೋಡಿ!" ಎನ್ನುತ್ತ ಚಲುವರಾಜು ಎಂಬ ದಾಂಡಿಗ ಜೀವಂತ ಕೊರಮೀನೊಂದನ್ನು ಮೇಜಿನ ಮೇಲಿಟ್ಟ. ಅದು ಎಗರಿ ತಕ್ಕಡಿಗೆ ಬಡಿದು, ಆಚಾರ್ರ ಮಡಿಲಿಗೇ ಬಿತ್ತು. "ಅಯ್ಯಯ್ಯೋ ಕಾಳಮ್ಮಾ!" ಎಂದು ಅವರು ಸ್ಟೂಲು ಹತ್ತಿದರು. ಓಡಿಬಂದ ಕೀರ್ತನ ಅಪ್ಪನನ್ನು ಇಳಿಸುವ ಬದಲು ಬಾಗಿಲಿಗೊರಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಯುವಂತೆ ನಕ್ಕಳು.

"ಚಿನ್ನ ಅಲ್ಲ ಕಣ್ರಣ್ಣ, ಸೀಸ! ಬ್ಯಾಟ್ರಿ ಒಳಗಿರ್ತದಲ್ಲ, ಅದು!"

ಎಲ್ಲರೂ ಕೈಯಲ್ಲಿದ್ದ ಮೀನನ್ನು ನೋಡಿಕೊಂಡರು. "ಸೀಸಕ್ಕೂ ಒಸಿ ರೇಟು ಐತಲ್ಲವಾ?" ಎಂದಳು ಬೈರಮ್ಮ. ಅಂಗಡಿಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಗು ತಗ್ಗಿದ ಮೇಲೆ ಕೀರ್ತನ ಮೆಲ್ಲಗೆ ಹೇಳಿದಳು. ಸೀಸ ಮೀನಿನಿಂದ ಮಕ್ಕಳ ಮೈ ಸೇರಿದರೆ ಮೂಳೆಯಲ್ಲಿ ಕೂತುಬಿಡುತ್ತದೆ, ಬುದ್ಧಿಯನ್ನೂ ಮಂಕು ಮಾಡುತ್ತದೆ. ಸೋಮಯ್ಯನ ಮುಖದಲ್ಲಿ ನಗು ಆರಿತು. ಅವನ ಮೊಮ್ಮಗಳು ದಿನಾ ಮೀನು ತಿನ್ನುತ್ತಿದ್ದಳು.

"ಎಲ್ಲಾನೂ ತಕವ್ವಾ," ಎಂದು ಬುಟ್ಟಿಯನ್ನೇ ಮುಂದೆ ತಳ್ಳಿದ.

ತಿಂಗಳುಗಟ್ಟಲೆ ಬೇಡಿದರೂ ಸಿಗದಿದ್ದದ್ದು ಅಂದು ಬಾಗಿಲಿಗೇ ಬಂದಿತ್ತು! ತಾವು ಹಿಡಿದದ್ದು ತೂಬಿನ ಹತ್ತಿರದ್ದು, ಹಳ್ಳ ಬಂದು ಕೂಡುವಲ್ಲಿನದು ಎಂದು ಒಬ್ಬೊಬ್ಬರೂ ಕೂಗಿ ಹೇಳಿದರು, ಕೀರ್ತನ ಕುಣಿಯುವಂತೆ ಓಡಾಡುತ್ತ ಚೀಲಗಳ ಮೇಲೆ ಬರೆದಳು. ಅಪ್ಪನ ಮೇಜು ಮುಟ್ಟಿದ ಕೊರಮೀನನ್ನು ಮಾತ್ರ ಕೈಬಿಟ್ಟಳು. ಚಿನ್ನದ ಬೆಸುಗೆಗೆ ಬಳಸುವ ಕ್ಯಾಡ್ಮಿಯಂ ಅದಕ್ಕೆ ಹತ್ತಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಆಚಾರ್ರು ಟವೆಲಿನಿಂದ ಮೂಗು ಕಟ್ಟಿಕೊಂಡು, ಯಾರೂ ಕೇಳದಿದ್ದರೂ ಐಸು ತರಲು ಹೊರಟರು.

ಕೆಲವು ದಿನಗಳ ಮೇಲೆ ಪ್ರಯೋಗಾಲಯದ ವರದಿ ಬಂತು. ಕೆರೆಯ ಬಹುಪಾಲು ಮೀನು ಚೆನ್ನಾಗಿತ್ತು. ಹಳ್ಳ ಕೂಡುವ ಕಡೆಯ ಮೀನುಗಳ ಕಿವಿರಲ್ಲೂ ಪಿತ್ತಜನಕಾಂಗದಲ್ಲೂ ಸೀಸ ವಿಪರೀತ, ಮಾಂಸದಲ್ಲೂ ಮಿತಿ ಮೀರಿತ್ತು. ಹಳ್ಳದ ದಂಡೆ ಹಿಡಿದು ಮೇಲಕ್ಕೆ ಹೋದರೆ ತಗಡಿನ ಶೆಡ್ಡೊಂದು ಸಿಕ್ಕಿತು. ಅಲ್ಲಿ ಯಾರೋ ಹಳೇ ಬ್ಯಾಟರಿ ಒಡೆದು, ಸೀಸ ಕರಗಿಸಿ, ಕೊಳೆನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು.

ಸೋಮಯ್ಯ ಮೊದಲು ಆ ಮಗ್ಗುಲಿನಲ್ಲಿ ಬಲೆ ಹಾಕುವುದನ್ನೇ ನಿಲ್ಲಿಸಿದ. ಆಮೇಲೆ ಎರಡು ಟ್ರಾಕ್ಟರು ಜನ ತುಂಬಿಕೊಂಡು ವರದಿ ಸಮೇತ ತಾಲ್ಲೂಕು ಕಚೇರಿಗೆ ಹೋದ. ಸಾಹೇಬರು ಬರುವವರೆಗೂ ಬೈರಮ್ಮ ಮೆಟ್ಟಿಲು ಬಿಟ್ಟೇಳಲಿಲ್ಲ. ವಾರದೊಳಗೆ ಶೆಡ್ಡಿಗೆ ಬೀಗ ಬಿತ್ತು. ಬೀಗ ಕಣ್ಣಾರೆ ನೋಡಿಕೊಂಡು ಎಲ್ಲರೂ ವಾಪಸು ಬರುವಾಗ ಟ್ರಾಕ್ಟರಿನ ಮೇಲೆ ಸೋಮಯ್ಯ ಶಿಳ್ಳೆ ಹೊಡೆದ. ಕೀರ್ತನಳಿಗೂ ಹೊಡೆಯಬೇಕೆನ್ನಿಸಿತು, ಬರೀ ಗಾಳಿ ಬಂತು. ಹೋಗಲಿ ಎಂದು ಊರಿಗೆಲ್ಲ ಕೇಳುವಂತೆ ಕೇಕೆ ಹಾಕಿದಳು.